ಇಸ್ತ್ರಿ ಅಕ್ಕನಿಗೆ ಹೇಳದೆ ಉಳಿದ ಮಾತು

ನಮ್ಮ ಮನೆಯ ಕೆಳಗೇ ಇಸ್ತ್ರಿ ಅಕ್ಕನ ಲಾಂಡ್ರಿ. ಮುಂದೆ ಅಂಗಡಿ, ನಡುವೆ ಬಟ್ಟೆ ತೂಗುಹಾಕುವ ಕಂಬಿಗಳು, ಹಿಂದಿನ ಒಂದೇ ಕೋಣೆಯಲ್ಲಿ ಅವಳೂ ಅವಳ ಮಗನೂ. ಗಂಡ ಬಿಟ್ಟುಹೋದ ವರ್ಷ ಶುರುಮಾಡಿದ ಅಂಗಡಿ ಅದು. ಬಾಯಿ ಜೋರು. ಕಾಲರಿನ ಕೊಳೆ ತೋರಿಸಿ, "ಇದು ಕುತ್ತಿಗೆನೋ, ರಸ್ತೆನೋ?" ಎಂದು ದೊಡ್ಡ ಮನುಷ್ಯರನ್ನೂ ಕೇಳಿಬಿಡುತ್ತಿದ್ದಳು.

ಅವಳ ಮೂಗು ಬಾಯಿಗಿಂತ ಚುರುಕು. ನೀರಿಗೆ ಹಾಕುವ ಮೊದಲು ಪ್ರತಿ ಬಟ್ಟೆಯ ಜೇಬು ತಿರುವುವಳು, ಕಲೆ ಯಾವುದರದ್ದೆಂದು ಮೂಸಿ ನೋಡುವಳು. ಹೀಗೆ ನಮ್ಮ ಬೀದಿಯ ಮನೆಗಳ ಮಕ್ಕಳ ಗುಟ್ಟೆಲ್ಲ ಅವಳಿಗೆ ತಿಳಿಯುತ್ತಿತ್ತು. ಯಾರ ಮಗ ಸಿಗರೇಟು ಕಲಿತ, ಯಾರ ಮಗಳ ಅಂಗಿಯ ತೋಳಿನಲ್ಲಿ ಪದೇಪದೇ ರಕ್ತದ ಗುರುತು. ಡಂಗುರ ಸಾರುವವಳಲ್ಲ. ತಾಯಿ ಒಬ್ಬಳೇ ಬಂದಾಗ ಮೆಲ್ಲಗೆ ಹೇಳುವಳು.

ನನಗೂ ಹೇಳಿದಳು. ನನ್ನ ಮಗಳ ಯೂನಿಫಾರಂ ಜೇಬಿನಲ್ಲಿ ನಿದ್ದೆ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತ್ತು. ನಾನು ಗಣಿತದ ಟೀಚರ್, ಇಪ್ಪತ್ತು ವರ್ಷದಿಂದ ಊರ ಮಕ್ಕಳ ಕಿವಿ ಹಿಂಡಿದವಳು. ಸಿಟ್ಟು ನೆತ್ತಿಗೇರಿತು.

"ಒಗೆಯೋದು ನಿಮ್ಮ ಕೆಲಸ, ಜೇಬು ಹುಡುಕೋದಲ್ಲ!"

"ಜೇಬು ನೋಡದೆ ನೆನೆಸಿದ್ರೆ ಒಬ್ಬರ ಪೆನ್ನಿನ ಇಂಕು ಹತ್ತು ಜನರ ಬಟ್ಟೆಗಾಗುತ್ತೆ ಟೀಚರ್. ಮಗು ಹತ್ರ ಒಂದ್ಸಲ ಕೂತು ಮಾತಾಡಿ," ಎಂದಳು.

ಆ ಸಂಜೆಯೇ ಮಗಳು ಬಿಕ್ಕಿಬಿಕ್ಕಿ ಅತ್ತು ಎಲ್ಲ ಹೇಳಿದಳು. ಡಾಕ್ಟರ ಬಳಿ ಓಡಾಡಿ ಆರು ತಿಂಗಳಲ್ಲಿ ಸರಿಹೋದಳು. ಆದರೆ ಇಸ್ತ್ರಿ ಅಕ್ಕನಿಗೆ ಒಂದು ಒಳ್ಳೆಯ ಮಾತು ಹೇಳಲು ನನ್ನ ಜಂಬ ಬಿಡಲಿಲ್ಲ. ಅವಳೂ ಕೇಳಲಿಲ್ಲ.

ಮರುವರ್ಷ ಅವಳ ಮಗ ನನ್ನ ತರಗತಿಗೆ ಬಂದ. ಮೊದಲು ತಮಾಷೆಯ ಹುಡುಗ. ಬರಬರುತ್ತ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗತೊಡಗಿದ. ತಲೆನೋವೆನ್ನುತ್ತಿದ್ದ. ಬಾಯಿಯ ಸುತ್ತ ಹುಣ್ಣು, ಅಕ್ಷರ ಗೆರೆ ಬಿಟ್ಟು ಜಾರುತ್ತಿತ್ತು. ಒಮ್ಮೆ ನೋಟ್‌ಬುಕ್ ನೋಡಲು ಬಗ್ಗಿದಾಗ, ಲಾಂಡ್ರಿಯಲ್ಲಿ ಕಲೆ ತೆಗೆಯಲು ಬಳಸುವ, ಪೆಟ್ರೋಲಿನಂಥ ಎಣ್ಣೆಯ ಘಾಟು ಬಡಿಯಿತು. ಲಾಂಡ್ರಿಯ ಹುಡುಗ, ಇರಬಹುದು ಎಂದುಕೊಂಡೆ. ಆದರೆ ಘಾಟು ಅಂಗಿಯಿಂದ ಬಂದದ್ದಲ್ಲ, ಉಸಿರಿನಿಂದ. ನಶೆಗಾಗಿ ಅದನ್ನು ಮೂಸುತ್ತಿದ್ದಾನೆಂದು ಹೊಳೆಯಿತು.

ಅವಳಿಗೆ ಹೇಗೆ ತಿಳಿಯಬೇಕು? ಆ ಘಾಟಿನಲ್ಲೇ ಅವರ ಊಟ, ನಿದ್ದೆ, ಹಾಸಿಗೆ. ಪರರ ಮನೆಯ ವಾಸನೆ ಹಿಡಿಯುವ ಮೂಗಿಗೆ ತನ್ನ ಮನೆಯದ್ದು ವಾಸನೆಯೇ ಅಲ್ಲ. ಆ ಎಣ್ಣೆಯ ಬಾಟಲಿ ಬೇಗ ಖಾಲಿಯಾಗುತ್ತಿದೆ ಎಂದು ಮಾತ್ರ ಗೊಣಗುತ್ತಿದ್ದಳು. "ಜನ ಈಗ ಊಟ ಬಾಯಿಗೆ ಹಾಕಲ್ಲ ಟೀಚರ್, ಅಂಗಿಗೆ ಹಾಕ್ತಾರೆ." ನಾನು ಅವಳೊಂದಿಗೆ ನಕ್ಕೆ. ನಕ್ಕೆನಲ್ಲ ಎಂದು ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ.

ಹೇಳಲೆಂದೇ ಮೂರು ಸಲ ಮೆಟ್ಟಿಲಿಳಿದೆ. ಅವಳನ್ನು ಬೈದ ಬಾಯಲ್ಲಿ ಅವಳ ಮಗನ ಮಾತು ಹೇಗೆ ಆಡಲಿ? ಟೀಚರ್ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಅವಳು ಅಂದುಕೊಂಡರೆ? ಮೂರು ಸಲವೂ ಬಟ್ಟೆ ಕೊಟ್ಟು ವಾಪಸಾದೆ.

ಒಂದು ಭಾನುವಾರ ಮಧ್ಯಾಹ್ನ ಕೆಳಗಿನಿಂದ ಅವಳ ಕೂಗು ಕೇಳಿತು. ತೂಗುಹಾಕಿದ ಕೋಟುಗಳ ಹಿಂದೆ, ಮುಖದ ಬಳಿ ಅದೇ ಎಣ್ಣೆಯಲ್ಲಿ ಒದ್ದೆಯಾದ ಬಟ್ಟೆಯೊಂದಿಗೆ ಹುಡುಗ ಬಿದ್ದಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ. ಹದಿನಾರು ವರ್ಷ.

ಒಂದೂವರೆ ತಿಂಗಳ ಮೇಲೆ ಅಂಗಡಿ ತೆರೆಯಿತು. ಬಾಟಲಿಗಳ ಕಪಾಟು ಖಾಲಿ. ನೀರಲ್ಲಿ ಹೋಗದ ಕಲೆಯ ಬಟ್ಟೆಯನ್ನು ಅವಳೀಗ ತೆಗೆದುಕೊಳ್ಳುವುದಿಲ್ಲ. ನಾನು ಹೋದಾಗ ಯಾರದೋ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಕ್ಲಾಸಲ್ಲಿ ನಿಮಗೇನೂ ಕಾಣಿಸ್ಲಿಲ್ವಾ ಟೀಚರ್?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "ಕಾಣಿಸಿತ್ತು ಅಕ್ಕ."

"ಮತ್ತೆ?"

"ನೀವು ಬೈತೀರೇನೋ ಅಂತ..."

ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟಳು. ಆ ಜೋರು ಬಾಯಿಯ ಹೆಂಗಸಿನ ದನಿ ಏರಲೇ ಇಲ್ಲ.

"ಬೈತಿದ್ದೆ. ನಿಮ್ಮ ಮಾನ ಹರಾಜು ಹಾಕ್ತಿದ್ದೆ. ಆಮೇಲೆ ಒಳಗೆ ಹೋಗಿ, ಅವನ ಮುಖ ಒಂದ್ಸಲ ಸರಿಯಾಗಿ ನೋಡ್ತಿದ್ದೆ."