ಕಣಕ ಹಿಡಿದು ಪಂಪು ಆರಿಸುವ ಡನೂಟಾ

ಡನೂಟಾ ಸೊಬ್‌ಚಾಕ್ ಆರಿಸಿಕೊಟ್ಟ ವಾಟರ್ ಪಂಪು ಹಾಕಿದ ಕಾರಿನ ಬಾನೆಟ್ಟಿನ ಮೇಲೆ ಆಗಸ್ಟ್ ತಿಂಗಳ ಉರಿಬಿಸಿಲಲ್ಲಿ ಐಸ್‌ಕ್ರೀಮ್ ಇಟ್ಟರೆ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಡಿಟ್ರಾಯಿಟ್ ಮಗ್ಗುಲಿನ ಹ್ಯಾಮ್‌ಟ್ರಾಮ್ಕ್‌ನಲ್ಲಿ ಇದು ತೊಟ್ಟಿಲ ಕೂಸಿಗೂ ಗೊತ್ತು. ಅವರ ಪಂಪು ಹೊತ್ತ ಕಾರು ಒಂದು ಸಲವಾದರೂ ಕೆಟ್ಟ ಕಾರು ಹೊತ್ತೊಯ್ಯುವ ಟೋ ಟ್ರಕ್ಕಿನ ಬೆನ್ನೇರಿ ಮನೆಗೆ ಬಂದದ್ದಿಲ್ಲ. ಆ ಬೀದಿಯ ಟೋ ಟ್ರಕ್ಕಿನವರೆಲ್ಲ ಹೊಟ್ಟೆಪಾಡಿಗೆ ಹೂವಿನಂಗಡಿ ಇಟ್ಟುಕೊಂಡಿದ್ದಾರೆ.

ಬೆಳಗಿನ ಜಾವ. ಎದುರಿನ ಬೇಕರಿಯಲ್ಲಿ ಮಾತ್ರ ದೀಪ. ಬಿಡಿಭಾಗಗಳ ಅಂಗಡಿಯ ಹಿಂಬದಿಯ ಮೇಜಿನ ಮುಂದೆ ಡನೂಟಾ ಹೊಸ ಪಂಪೊಂದನ್ನು ಕಿವಿಗೆ ಹಿಡಿದು, ಅದರ ದಂಡವನ್ನು ಬೆರಳಲ್ಲಿ ತಿರುಗಿಸುತ್ತಿದ್ದಾರೆ. ಅಂಗಡಿಯ ಯಜಮಾನ, ಯೆಮನ್ ಮೂಲದ ಫವಾಜ್, ಶಟರ್ ಎತ್ತುತ್ತ ಒಳಬರುತ್ತಾರೆ.

"ಏನಂತೆ ಅಕ್ಕ, ಬೇರಿಂಗು?"

"ಗೊರಕೆ ಹೊಡೀತಿದೆ. ಪೆಟ್ಟಿಗೆಗೆ ಹಾಕು, ಕಂಪನಿಗೆ ವಾಪಸ್ಸು ಹೋಗ್ಲಿ."

"ಹೊಸಾದು ಕಣಕ್ಕ!"

"ಹೊಸಬರು ಗೊರಕೆ ಹೊಡೆಯಲ್ವೇನೋ?"

ಎಂಜಿನ್ನಿನ ಬಿಸಿನೀರನ್ನು ರೇಡಿಯೇಟರಿಗೆ ತಳ್ಳಿ, ಆರಿದ ನೀರನ್ನು ಮರಳಿ ತರುವುದು ಈ ಪಂಪಿನ ಕೆಲಸ. ಅರವತ್ತರ ದಶಕದ ದೈತ್ಯ ಎಂಜಿನ್ನಿನ ಮಸಲ್ ಕಾರುಗಳಿಗೆ ಅದೇ ಹೃದಯ. ಆ ಹೃದಯವನ್ನು ಆರಿಸುವವರು ಅರವತ್ತು ದಾಟಿದ ಈ ಹೆಂಗಸು. ಪೋಲೆಂಡಿನಿಂದ ಹರೆಯದಲ್ಲಿ ಬಂದು, ರೇಡಿಯೇಟರಿನ ರಬ್ಬರ್ ಕೊಳವೆ ಮಾಡುವ ಕಾರ್ಖಾನೆ ಸೇರಿದರು. ಅದಕ್ಕೆ ಬೀಗ ಬಿದ್ದ ಮೇಲೆ ಈ ಮೇಜು. ಎಂಜಿನ್ ತಣಿಸುವ ಕೂಲೆಂಟು ದ್ರವ ತಾಗಿ ತಾಗಿ ಬೆರಳ ತುದಿಗಳು ಬಿರುಕುಬಿಟ್ಟಿವೆ. ದಿನಕ್ಕೆ ಇಪ್ಪತ್ತು ಗಿರಾಕಿಗಳು. ನಾವು ಇನ್ನೂರು ಎಂದು ಬರೆಯಬೇಕೆಂದಿದ್ದೆವು, ಅವರು ಪಕ್ಕದಲ್ಲೇ ಕೂತಿದ್ದರು, ಆಗಲಿಲ್ಲ.

"ಮೊದಮೊದಲು ಬಂದವರೆಲ್ಲ, ಒಳಗೆ ಗಂಡಸರು ಯಾರಾದ್ರೂ ಇದ್ದಾರಾ ಅಂತ ಕೇಳೋರು" ಎನ್ನುತ್ತಾರೆ. "ಒಳಗೆ ಹೋಗಿ ಫವಾಜನ ಟೋಪಿ ಹಾಕ್ಕೊಂಡು ಬರ್ತಿದ್ದೆ. ಹೂಂ, ಈಗ ಹೇಳಿ ಅಂತಿದ್ದೆ."

ಈ ಬೇಸಿಗೆ ಅವರ ಮೇಜಿಗೆ ಬಂದ ದೊಡ್ಡ ಪಂಚಾಯಿತಿಯೆಂದರೆ ರೂಫಸ್ ಅವರ ಅರವತ್ತೇಳನೇ ಇಸವಿಯ ಜಿಟಿಓ ಕಾರು. ರೂಫಸ್ ಕಾರು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದು ನಿವೃತ್ತರಾದವರು. ವುಡ್‌ವರ್ಡ್ ರಸ್ತೆಯಲ್ಲಿ ನಡೆಯುವ ಹಳೇ ಕಾರುಗಳ ಆಗಸ್ಟ್ ಮೆರವಣಿಗೆಯಲ್ಲಿ ಅವರ ಕಾರು ಹೋದ ಮೂರು ವರ್ಷವೂ ಕುದಿದು, ಹಬೆಯುಗುಳಿ, ಟ್ರಕ್ಕಿನ ಮೇಲೇ ಮನೆಗೆ ಬಂದಿತ್ತು. ಈ ಸಲ ಹೆಂಡತಿ ಅರ್ಲೀನ್ ಜೊತೆಗೇ ಬಂದು ಮೇಜಿನ ಮೇಲೆ ಕೈಚೀಲ ಕುಕ್ಕಿದರು.

"ನೋಡು ಡನೂಟಾ, ಮೂರು ವರ್ಷದಿಂದ ಆ ಟ್ರಕ್ ಡ್ರೈವರ್ ಪಕ್ಕ ಕೂತು ಮನೆಗೆ ಬರ್ತಿದ್ದೀನಿ. ಅವನ ಮಕ್ಕಳ ಹೆಸರು, ಅವನ ಅತ್ತೆ ಮಂಡಿನೋವು, ಎಲ್ಲ ಬಾಯಿಪಾಠ ಆಗಿದೆ ನಂಗೆ. ಈ ಸಲಾನೂ ಕಾರು ಟ್ರಕ್ ಮೇಲೆ ಬಂತೋ, ಮಾರಾಟ. ಮಾತು ಅಂದ್ರೆ ಮಾತು."

ರೂಫಸ್ ಮುಖ ಹುಳ್ಳಗಾಯಿತು. "ಮಿಸ್ ಡನೂಟಾ, ನಿಮ್ಮತ್ರ ಇರೋದ್ರಲ್ಲೇ ಭಾರಿ ಪಂಪು ಕೊಡಿ. ರೇಸಿಗೆ ಹಾಕ್ತಾರಲ್ಲ, ಅದು."

ಡನೂಟಾ ಯಾವ ಗಿರಾಕಿಗೂ ಕೇಳುವ ಮೊದಲ ಪ್ರಶ್ನೆ ಒಂದೇ. "ಎಲ್ಲಿ ಓಡಿಸ್ತೀರಿ?"

"ಎಲ್ಲಿ ಬೇಕಾದ್ರೂ! ಬಿರುಗಾಳಿ ಅದು."

"ಚರ್ಚಿಗೆ" ಎಂದರು ಅರ್ಲೀನ್. "ಅಲ್ಲಿಂದ ಮನೆಗೆ."

"ಹಂಗಾದ್ರೆ ರೇಸಿನ ಪಂಪು ಬೇಡ" ಎಂದರು ಡನೂಟಾ. "ಅದು ಎಂಜಿನ್ ಅಬ್ಬರಿಸಿದಾಗ ಶೂರ, ತೆವಳೋವಾಗ ಸೋಮಾರಿ. ಮೆರವಣಿಗೇಲಿ ನೀವು ಹೋಗೋದು ಬಾತುಕೋಳಿ ನಡಿಗೇಲಿ."

"ಕರೆಂಟಿನ ಪಂಪು?"

"ಒಳ್ಳೇದೇ. ಆದ್ರೆ ನಿಮ್ಮ ವೈರಿಂಗ್ ನೋಡಿದ್ದೀನಿ ಪುಣ್ಯಾತ್ಮ. ಪಂಪಿಗೆ ಕೊಟ್ರೆ ದೀಪಕ್ಕಿಲ್ಲ, ದೀಪಕ್ಕೆ ಕೊಟ್ರೆ ಪಂಪಿಗಿಲ್ಲ."

ಕೊನೆಗೆ ಅವರು ಕಪಾಟಿನಿಂದ ತೆಗೆದದ್ದು ಕಪ್ಪು ಬಣ್ಣದ, ನೋಡಲು ಏನೇನೂ ಚೆಂದವಿಲ್ಲದ ಪಂಪು. ಆದರೆ ಒಳಗಿನ ರೆಕ್ಕೆಗಳು ತಗಡಿನವಲ್ಲ, ಗಟ್ಟಿ ಎರಕದವು. ಕಾರನ್ನು ಹಿತ್ತಲಿಗೆ ತರಿಸಿ, ಹಳೆಯ ಪಂಪು ಬಿಚ್ಚಿ, ಏಪ್ರನ್ ಜೇಬಿನಿಂದ ಒದ್ದೆ ಬಟ್ಟೆಯ ಗಂಟು ತೆಗೆದರು. ಮಧ್ಯಾಹ್ನದ ಪಿಯೆರೋಗಿ ಕಡುಬಿಗೆಂದು ಕಲಸಿಟ್ಟ ಕಣಕ. ಅದರ ಚೂರುಗಳನ್ನು ಹೊಸ ಪಂಪಿನ ರೆಕ್ಕೆಗಳಿಗೆ ಮೆತ್ತಿ, ಪಂಪನ್ನು ಬೋಲ್ಟು ಹಾಕಿ ಬಿಗಿದು, ಮತ್ತೆ ಬಿಚ್ಚಿದರು. ರೆಕ್ಕೆಗೂ ಅದರ ಹಿಂದಿನ ತಗಡಿಗೂ ನಡುವೆ ಎಷ್ಟು ಸಂದಿದೆಯೋ ಅಷ್ಟು ದಪ್ಪಕ್ಕೆ ಕಣಕ ಒತ್ತಿಕೊಂಡಿರುತ್ತದೆ. ಬಂದದ್ದು ಜೋಳದ ರೊಟ್ಟಿಯ ದಪ್ಪ.

"ನೋಡಿ ನಿಮ್ಮ ಕಾಯಿಲೆ. ಇಷ್ಟು ಸಂದಿ ಇದ್ರೆ ರೆಕ್ಕೆ ನೀರನ್ನ ತಳ್ಳಲ್ಲ, ಇದ್ದಲ್ಲೇ ಗಿರಗಿರ ಆಡಿಸುತ್ತೆ. ಇದಕ್ಕೆ ಎಂಥ ಪಂಪು ಹಾಕಿದ್ರೂ ಅಷ್ಟೇ."

"ಮದುವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದ್ದೀನಿ" ಎಂದರು ಅರ್ಲೀನ್. "ಇದ್ದಲ್ಲೇ ತಿರುಗಿದ್ರೆ ಕೆಲಸ ಆಗಲ್ಲ ಅಂತ."

ತುಕ್ಕು ತಿಂದ ತಗಡು ಬದಲಾಯಿತು. ಹೊಸದರ ಮೇಲೆ ಮರದ ತುಂಡಿಟ್ಟು ಡನೂಟಾ ಸುತ್ತಿಗೆಯಿಂದ ತಟ್ಟಿದರು, ಕಣಕವಿಟ್ಟು ನೋಡಿದರು, ಮತ್ತೆ ತಟ್ಟಿದರು. ಕಣಕ ಹಪ್ಪಳದಷ್ಟು ತೆಳ್ಳಗೆ ಬಂದು, ರೆಕ್ಕೆ ಎಲ್ಲೂ ತಗಡಿಗೆ ತಾಗದೆ ತಿರುಗಿದ ಮೇಲೇ ಬೋಲ್ಟಿಗೆ ಕೊನೆಯ ಬಿಗಿ.

ಮೆರವಣಿಗೆಯ ಶನಿವಾರ ಜಿಟಿಓ ವುಡ್‌ವರ್ಡ್ ರಸ್ತೆಯಲ್ಲಿ ಇಳಿದದ್ದೇ ತಡ, ಸೂರ್ಯನೇ ನಾಚಿ ಮೋಡದ ಮರೆಗೆ ಸರಿದ. ಬಂಪರಿಗೆ ಬಂಪರು ತಾಗುವ ದಟ್ಟಣೆಯಲ್ಲಿ ಅಕ್ಕಪಕ್ಕದ ಕಾರುಗಳು ಇಡ್ಲಿ ಪಾತ್ರೆಯಂತೆ ಹಬೆ ಬಿಡುತ್ತಿದ್ದರೆ, ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ನೆಟ್ಟ ರೂಫಸ್ ಅವರ ಕಣ್ಣು ಕದಲಲಿಲ್ಲ, ಮುಳ್ಳೂ ಕದಲಲಿಲ್ಲ. ಜನ ಬಾನೆಟ್ಟಿನ ಮೇಲೆ ಐಸ್‌ಕ್ರೀಮ್ ಇಟ್ಟು ಪರೀಕ್ಷಿಸಿದರು. ಸಂಜೆ ಕಾರು ತನ್ನ ಚಕ್ರಗಳ ಮೇಲೇ, ಮದುವಣಿಗನಂತೆ ಮನೆಗೆ ಬಂತು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ಹೇಳಿದಾಗ ಡನೂಟಾ ಕೈಯಲ್ಲಿದ್ದ ಪಂಪನ್ನು ಕೆಳಗಿಟ್ಟರು.

"ಯಾವ ಕಾರು ಚಕ್ರದ ಮೇಲೆ ಬಂತು?"

"ಜಿಟಿಓ."

"ಟ್ರಕ್ ಮೇಲೆ ಬಂತಲ್ಲ! ಇದೇ ಬೀದೀಲಿ ಬಂತು. ನೀವೂ ಇಲ್ಲೇ ನಿಂತಿದ್ರಿ, ಕೈಯಲ್ಲಿ ಐಸ್‌ಕ್ರೀಮ್ ಹಿಡ್ಕೊಂಡು. ಅದು ಕರಗಿ ಅಂಗಿ ಮೇಲೆಲ್ಲ ಸುರೀತಿತ್ತು."

ಸಿಕ್ಕಿಬಿದ್ದೆವು. ಇನ್ನು ನಿಜ ಹೇಳದೆ ಗತಿಯಿಲ್ಲ. ಸೂರ್ಯ ನಾಚಲಿಲ್ಲ, ಬಾನೆಟ್ಟಿನ ಮೇಲೆ ಯಾರೂ ಏನೂ ಇಡಲಿಲ್ಲ, ಟೋ ಟ್ರಕ್ಕಿನವರು ಹೂವು ಮಾರುತ್ತಿಲ್ಲ. ಬಿಸಿಯ ಮುಳ್ಳನ್ನೇ ದಿನವಿಡೀ ದಿಟ್ಟಿಸಿದ ರೂಫಸ್ ಪಕ್ಕದ ಪೆಟ್ರೋಲ್ ಮುಳ್ಳನ್ನು ಒಮ್ಮೆಯೂ ನೋಡಿರಲಿಲ್ಲ. ನಡುರಸ್ತೆಯಲ್ಲಿ ಟ್ಯಾಂಕು ಬರಿದಾಯಿತು. ಕಾರು ಟ್ರಕ್ಕೇರಿತು, ಅರ್ಲೀನ್ ಮತ್ತೆ ಅದೇ ಡ್ರೈವರ್ ಪಕ್ಕ ಕೂತರು. ಬಂದವರೇ ಅಂಗಡಿಯ ಮುಂದೆ ಕಾರಿಳಿಸಿ, ಬಗ್ಗಿ, ರೇಡಿಯೇಟರಿನ ಅಡಿಗೆ ಕೈಯಾಡಿಸಿ, ಅಂಗೈಯನ್ನು ಎಲ್ಲರಿಗೂ ತೋರಿಸಿದರು. ಒಣ ಅಂಗೈ, ಒಂದು ಹನಿಯೂ ಸೋರಿಲ್ಲ.

"ಮಾತು ಅಂದ್ರೆ ಮಾತು. ಕಾರು ಮಾರಾಟ ಆಯ್ತು" ಎಂದರು ಅರ್ಲೀನ್. "ತಗೊಂಡವಳು ನಾನು. ಬೀಗದ ಕೈ ತಾ ಇಲ್ಲಿ."

ಈಗ ಚರ್ಚಿಗೆ ಕಾರು ಓಡಿಸುವವರು ಅವರು. ಪಕ್ಕದಲ್ಲಿ ಕೂತ ರೂಫಸ್‌ಗೆ ಪೆಟ್ರೋಲ್ ಮುಳ್ಳು ನೋಡುವ ಕೆಲಸ. ಬರುವ ಆಗಸ್ಟಿನಲ್ಲಿ ಹಿಂದಿನ ಸೀಟು ಡನೂಟಾ ಅವರದು. ಇಷ್ಟು ವರ್ಷ ಪಂಪು ಆರಿಸಿಕೊಟ್ಟರೂ ಮೆರವಣಿಗೆಯ ದಿನ ಅವರು ಒಮ್ಮೆಯೂ ಅಂಗಡಿ ಬಿಟ್ಟು ಹೋದವರಲ್ಲ.

"ಅದೆಲ್ಲ ಬೇಕಾದ್ರೆ ಬರ್ಕೊಳ್ಳಿ, ಬಿಟ್ರೆ ಬಿಡಿ" ಎನ್ನುತ್ತ ಅವರು ಮತ್ತೊಂದು ಪಂಪನ್ನು ಕಿವಿಗೆ ಹಿಡಿಯುತ್ತಾರೆ. "ಟ್ರಕ್ಕಿಂದ ಇಳಿಸಿದಾಗ ಕೆಳಗೆ ನೆಲ ಒಣಗಿತ್ತು. ಅದೊಂದು ಮಾತ್ರ ಸರಿಯಾಗಿ ಬರೀರಿ."