ಇಸ್ತ್ರಿ ಅಕ್ಕ ಕಂಡ ಬೆನ್ನು

ಬೀದಿಯ ತಿರುವಿನಲ್ಲಿದ್ದ ಆ ಇಸ್ತ್ರಿ ಅಂಗಡಿಗೆ ಬಟ್ಟೆ ಕೊಡಲು ಹೋದವರು ಬೇಗ ವಾಪಸು ಬಂದದ್ದೇ ಇಲ್ಲ. ಅಂಗಡಿಯ ಒಡತಿಯನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಕಾಲರಿಗೆ ನೀರು ಚಿಮುಕಿಸುತ್ತಾ ಅವಳು ಮಾತು ಶುರು ಮಾಡಿದರೆ, ಅರ್ಜೆಂಟ್ ಎಂದು ಬಂದವನೂ ಸ್ಟೂಲು ಎಳೆದುಕೊಂಡು ಕೂರುತ್ತಿದ್ದ. ಅವಳ ಬಳಿ ಸುದ್ದಿಗೇನೂ ಬರವಿರಲಿಲ್ಲ, ಆದರೆ ಜನ ಮತ್ತೆ ಮತ್ತೆ ಕೇಳುತ್ತಿದ್ದುದು ಅವಳ ಅಣ್ಣನ ಕೊಲೆಯ ಕತೆಯನ್ನೇ.

ಅಣ್ಣ ಗೆಳೆಯನೊಬ್ಬನ ಪಾಲುದಾರಿಕೆಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಅಕ್ಕ ಆಗಿನ್ನೂ ಫ್ರಾಕು ತೊಡುವ ಹುಡುಗಿ. ಒಂದು ಮಧ್ಯಾಹ್ನ ಅಣ್ಣನಿಗೆ ಊಟದ ಡಬ್ಬಿ ತೆಗೆದುಕೊಂಡು ಹೋದಾಗ ಆ ಪಾಲುದಾರ ಹಿಂಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಹೊಸ್ತಿಲು ದಾಟುವಾಗ ಒಮ್ಮೆ ತಿರುಗಿ ಇವಳನ್ನು ದುರುಗುಟ್ಟಿ ನೋಡಿದ. ಅಣ್ಣ ನೆಲದ ಮೇಲೆ ಬಿದ್ದಿದ್ದ. ಇಷ್ಟು ಹೇಳಿ ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು, ತಾನೂ ಕತ್ತು ಹೊರಳಿಸಿ ಆ ನೋಟವನ್ನು ಮಾಡಿ ತೋರಿಸುತ್ತಿದ್ದಳು. ಕೇಳಿದವರ ಮೈ ಜುಮ್ಮೆನ್ನುತ್ತಿತ್ತು.

ಪಾಲುದಾರ ಮಾತ್ರ ಆ ದಿನ ತಾನು ಊರಲ್ಲೇ ಇರಲಿಲ್ಲ, ಟಯರು ತರಲು ಹೋಗಿದ್ದೆ ಎಂದ. ಜೊತೆಗಿದ್ದೆ ಎಂದು ಸಾಕ್ಷಿ ಹೇಳಲು ಒಬ್ಬ ವ್ಯಾಪಾರಿಯನ್ನೂ ತಂದ. ಪೊಲೀಸರು ಅವನನ್ನು ಕೂರಿಸಿ, ಕೇಳಿ, ಟೀ ಕುಡಿಸಿ ಕಳಿಸಿದರು. ಕಡತ ಕಪಾಟು ಸೇರಿತು. ಅವನು ಸೈಕಲ್ ಬಿಟ್ಟು ಮೋಟರ್ ಬೈಕಿಗೆ ಹತ್ತಿದ, ಶೋರೂಮು ತೆರೆದ, ತಲೆ ನರೆತು ಅಜ್ಜನೂ ಆದ. ಅಕ್ಕನ ತಾಯಿ ಮಾತ್ರ ಇದ್ದಲ್ಲೇ ಇದ್ದಳು. "ನಾನು ಕಣ್ಣು ಮುಚ್ಚೋದ್ರೊಳಗೆ ಅವನು ಒಳಗೆ ಹೋಗ್ಬೇಕು" ಎನ್ನುವುದೊಂದೇ ಅವಳ ಹಟ. ಹಾಸಿಗೆ ಹಿಡಿದ ಮೇಲೂ ಅದನ್ನು ಬಿಡಲಿಲ್ಲ.

ಬಹಳ ವರ್ಷಗಳ ಮೇಲೆ ಊರಿಗೆ ಹೊಸ ಇನ್‌ಸ್ಪೆಕ್ಟರಮ್ಮ ಬಂದರು. ಯೂನಿಫಾರ್ಮಿನ ಗೆರೆ ಸರಿಯಾಗಿ ಕೂರುತ್ತಿಲ್ಲ ಎಂದು ಅಕ್ಕನ ಅಂಗಡಿಗೆ ಬಂದವರು ಕತೆ ಕೇಳಿ ಎದ್ದು ಹೋದರು. ಮರುದಿನ ಕಡತ ಕೈಗೆತ್ತಿಕೊಂಡರು. ಅದರ ಗತಿಯನ್ನು ಏನು ಹೇಳುವುದು! ಅಕ್ಕ ಚಿಕ್ಕಂದಿನಲ್ಲಿ ಕೊಟ್ಟ ಹೇಳಿಕೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಹೆಣ ಕೊಯ್ದ ಡಾಕ್ಟರು ತಾವೇ ಸತ್ತು ಎಷ್ಟೋ ಕಾಲವಾಗಿತ್ತು. ಹಿತ್ತಲಿನ ಚರಂಡಿಯಲ್ಲಿ ಸಿಕ್ಕಿದ್ದ, ರಕ್ತ ಮೆತ್ತಿದ ಸ್ಪ್ಯಾನರ್ ಎಲ್ಲಿ ಎಂದರೆ, ಸ್ಟೇಷನ್ನಿನ ಜೀಪು ಕೈಕೊಟ್ಟಾಗಲೆಲ್ಲ ಡ್ರೈವರು ಅದರಲ್ಲೇ ನಟ್ಟು ಬಿಗಿಯುತ್ತಿದ್ದನಂತೆ. ಜೀಪು ಹರಾಜಾದಾಗ ಅದೂ ಜೊತೆಗೇ ಹೋಯಿತಂತೆ. ಇಂಥ ಜಾಣರ ಕೈಯಲ್ಲಿ ನ್ಯಾಯ ಇಷ್ಟು ದಿನ ಉಸಿರು ಹಿಡಿದುಕೊಂಡಿದ್ದೇ ಹೆಚ್ಚು.

ಆದರೂ ಇನ್‌ಸ್ಪೆಕ್ಟರಮ್ಮ ಕೈಚೆಲ್ಲಲಿಲ್ಲ. ಆ ವ್ಯಾಪಾರಿಯ ಬೆನ್ನುಬಿದ್ದು ಬಾಯಿ ಬಿಡಿಸಿದರು. "ಅವತ್ತು ಅವನು ನನ್ನ ಜೊತೆ ಇರ್ಲಿಲ್ಲ. ಏನೋ ಹಳೇ ಸ್ನೇಹ, ಹಾಗೆ ಹೇಳಿಬಿಟ್ಟೆ" ಎಂದು ಆ ಮುದುಕ ಒಪ್ಪಿಕೊಂಡ. ಪಾಲುದಾರನನ್ನು ಹಿಡಿದು ತಂದರು, ಮೊಕದ್ದಮೆ ಹೂಡಿದರು. ಸರ್ಕಾರಿ ವಕೀಲರು ಅಕ್ಕನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ನೋಡಿ, ಅವನು ಎಲ್ಲಿರಲಿಲ್ಲ ಅನ್ನೋದು ಗೊತ್ತಾಯ್ತು. ಎಲ್ಲಿದ್ದ ಅಂತ ಹೇಳೋಕೆ ಈಗ ಇರೋದು ನೀವೊಬ್ರೇ. ಅವನು ತಿರುಗಿ ನೋಡಿದ, ನೀವು ಮುಖ ಕಂಡ್ರಿ. ಕೇಸು ನಿಂತಿರೋದೇ ಅದರ ಮೇಲೆ."

"ಕಣ್ಣಿಗೆ ಕಟ್ಟಿದ ಹಾಗಿದೆ ಸಾರ್" ಎಂದಳು ಅಕ್ಕ.

ವಿಚಾರಣೆಗೆ ಇನ್ನೇನು ಕೆಲವೇ ದಿನ ಎನ್ನುವಾಗ ಸೋದರತ್ತೆ ಅಂಗಡಿಗೆ ಬಂದಳು. ವಯಸ್ಸಾಗಿ ಕಿವಿ ಮಂದವಾಗಿದ್ದರೂ ನಾಲಿಗೆಗೇನೂ ಆಗಿರಲಿಲ್ಲ. ಸ್ಟೂಲಿನ ಮೇಲೆ ಕೂತು ಧೈರ್ಯ ಹೇಳಿದಳು.

"ಹೆದರಬೇಡ ಕಣೆ. ಅವನು ತಿರುಗಿ ನೋಡಿದ್ದನ್ನ ಮಾತ್ರ ಮರೀಬೇಡ. ಅದು ನಾನು ಸೇರಿಸಿದ್ದು."

ಅಕ್ಕನ ಕೈ ನಿಂತಿತು. "ಸೇರಿಸಿದ್ದು ಅಂದ್ರೆ ಏನತ್ತೆ?"

"ಅಯ್ಯೋ, ನೀನು ಬರೀ ಬೆನ್ನು ಬೆನ್ನು ಅಂತಿದ್ದೆ. ಬೆನ್ನು ಕಟ್ಕೊಂಡು ಏನು ಮಾಡೋದು, ಯಾರು ನಂಬ್ತಾರೆ? ತಿರುಗಿರ್ತಾನೆ ಕಣೆ, ತಿರುಗದೆ ಹೋಗ್ತಾನಾ ಅಂತ ನಾನೇ ಹೇಳ್ದೆ. ನಿಮ್ಮಮ್ಮಾನೂ ಹೌದು ಅಂದ್ಲು. ಆಮೇಲೆ ನೀನೂ ಹೌದು ಅಂದೆ. ಬೇರೆ ಯಾರು ಅಂತ? ಅವನೇ ತಾನೆ!"

ಅತ್ತೆ ಹೋದ ಮೇಲೆ ಬಟ್ಟೆ ಸೀದ ವಾಸನೆ ಬಂತು. ಯಾರದೋ ಅಂಗಿಯ ಬೆನ್ನು ಕಂದಾಗಿತ್ತು. ಅಕ್ಕ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಣ್ಣು ಮುಚ್ಚಿ ಕೂತಳು. ಅದೇ ಅಂಗಡಿ, ಹಿಂಬಾಗಿಲು, ಅವನು ತಿರುಗಿದ. ಆ ಮುಖಕ್ಕೆ ಚಿನ್ನದ ಬಣ್ಣದ ಕನ್ನಡಕವಿತ್ತು, ಮೀಸೆ ಬೆಳ್ಳಗಿತ್ತು. ಶೋರೂಮಿನ ಗಾಜಿನ ಹಿಂದೆ ಕೂರುವ ಈಗಿನ ಮುದುಕನ ಮುಖ ಅದು. ಅಣ್ಣ ಸತ್ತಾಗ ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಮೀಸೆಯಿಲ್ಲದ ಮುಖವೊಂದು ಅವಳ ನೆನಪಿಗೆ ಬರಲಿಲ್ಲ.

ಕೊಂದವನು ಅವನೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಇಷ್ಟು ದಿನ ಹೇಳಿದ್ದನ್ನೇ ಕೋರ್ಟಿನಲ್ಲೂ ಹೇಳಿದರೆ ಸಾಕಿತ್ತು; ಅದು ಸುಳ್ಳು ಎನ್ನಲು ಒಂದು ಕಾಗದವೂ ಉಳಿದಿರಲಿಲ್ಲ. ಸೋದರತ್ತೆ ಅದನ್ನು ತಪ್ಪೆಂದು ತಿಳಿದಿರಲೂ ಇಲ್ಲ.

ಕೋರ್ಟಿನ ಕೋಣೆ ಚಿಕ್ಕದು. ಫ್ಯಾನು ಕಟಕಟ ಎನ್ನುತ್ತಿತ್ತು. ಪಾಲುದಾರ ಎದುರಿಗೇ ಕೂತು ಬೆರಳು ನೋಡಿಕೊಳ್ಳುತ್ತಿದ್ದ. ಸರ್ಕಾರಿ ವಕೀಲರು ಮೆಲ್ಲಗೆ ಒಂದೊಂದೇ ಕೇಳುತ್ತಾ ಕೊನೆಗೆ ಆ ಪ್ರಶ್ನೆಗೆ ಬಂದರು.

"ಆ ವ್ಯಕ್ತಿ ತಿರುಗಿ ನೋಡಿದ್ರಾ?"

ಅಕ್ಕ ಹೇಳಿದಳು. "ನೋಡಿದ್ರು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆ ಸಾರ್. ನಾನು ಕಂಡಿದ್ದು ಬೆನ್ನು ಮಾತ್ರ."

ವಕೀಲರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು. ನ್ಯಾಯಾಧೀಶರು ಮುಂದೆ ಬಾಗಿ ಕೇಳಿದರು. "ಆ ಬೆನ್ನು ಇವರದ್ದೇ ಅಂತ ಹೇಳಬಲ್ಲಿರಾ?"

"ಅವತ್ತು ಹಾಗೆ ಅನ್ನಿಸಿತ್ತು. ಈಗ ಅವರ ಬೆನ್ನು ಬಾಗಿದೆ ಸ್ವಾಮಿ. ನಾನು ಏನಂತ ಹೇಳ್ಲಿ?"

ಎದುರು ಪಕ್ಷದ ವಕೀಲರು ಎದ್ದು, ಪಾಟೀಸವಾಲು ಏನೂ ಇಲ್ಲ ಎಂದು ನಗುನಗುತ್ತಾ ಕೂತರು. ಅವರಿಗೆ ಕೇಳಲು ಇನ್ನೇನು ಉಳಿದಿತ್ತು? ತೀರ್ಪು ಬರುವುದು ಬಾಕಿಯಿದ್ದರೂ ಅದು ಏನೆಂದು ಬಾಗಿಲಲ್ಲಿ ನಿಂತಿದ್ದ ಜವಾನನಿಗೂ ಗೊತ್ತಾಗಿತ್ತು. ಇನ್‌ಸ್ಪೆಕ್ಟರಮ್ಮ ಅಕ್ಕನನ್ನು ತಮ್ಮ ಜೀಪಿನಲ್ಲೇ ಮನೆಗೆ ಬಿಟ್ಟರು. ಅವಳು ಇಳಿಯುವಾಗ, "ಹೋಗಿ ಬನ್ನಿ ಅಕ್ಕ" ಎಂದರು.

ತಾಯಿ ದಿಂಬಿಗೆ ಒರಗಿ ಕಾಯುತ್ತಿದ್ದಳು. ಆಗಲೇ ಯಾರೋ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದರು.

"ಮುಖ ಕಾಣ್ಲಿಲ್ಲ ಅಂದ್ಯಂತೆ."

"ಕಂಡಿರ್ಲಿಲ್ಲಮ್ಮ."

ತಾಯಿ ಗೋಡೆಯ ಕಡೆ ಮುಖ ಮಾಡಿದಳು. ಅಕ್ಕ ಮಂಚದ ತುದಿಯಲ್ಲಿ ಕೂತೇ ಇದ್ದಳು. ಬೈಯಲಿ, ಎರಡು ಏಟು ಹಾಕಲಿ, ಏನಾದರೂ ಆಗಲಿ ಎನ್ನಿಸುತ್ತಿತ್ತು. ತಾಯಿ ಗೋಡೆಯ ಕಡೆಯಿಂದಲೇ ಕೇಳಿದಳು.

"ಹಾಗಾದ್ರೆ ಅವತ್ತು ಏನು ಕಂಡೆ? ಅತ್ತೆ ಹೇಳಿದ್ದು ಬೇಡ, ನಾನು ಹೇಳಿದ್ದೂ ಬೇಡ."

ಇಷ್ಟು ವರ್ಷಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಪೊಲೀಸರಿಗೂ ನೆಂಟರಿಗೂ ಅಂಗಡಿಯ ಗಿರಾಕಿಗಳಿಗೂ ಬೇಕಾಗಿದ್ದದ್ದು ಹಿಂಬಾಗಿಲಿನಲ್ಲಿ ಹೋದವನು. ಅಕ್ಕ ತಡವರಿಸುತ್ತಾ ಹೇಳಿದಳು. ಕತೆ ಹೇಳುವಾಗ ಇರುತ್ತಿದ್ದ ಜೋರು ಈಗ ಇರಲಿಲ್ಲ.

"ಅಣ್ಣ ಪಕ್ಕಕ್ಕೆ ಹೊರಳಿ ಮಲಗಿದ್ದ. ಪೆಟ್ಟು ಬಿದ್ದ ಕಡೆ ನನಗೆ ಕಾಣ್ಲಿಲ್ಲ. ಕೆಲಸ ಮಾಡಿ ಸುಸ್ತಾಗಿ ನಿದ್ದೆ ಹೋಗಿದಾನೆ ಅಂದ್ಕೊಂಡೆ. ಎಬ್ಬಿಸಿದ್ರೆ ಬೈತಾನೆ ಅಂತ ಡಬ್ಬಿ ಇಟ್ಟು ಪಕ್ಕದಲ್ಲಿ ಕೂತೆ. ಅವನ ಕೈ ಹಿಡ್ಕೊಂಡಿದ್ದೆ. ಗ್ರೀಸು ಅಂಟಿತ್ತು. ಬೆಚ್ಚಗಿತ್ತಮ್ಮ. ಒಂದು ಸಲ ನನ್ನ ಬೆರಳು ಹಿಂಡಿದ. ಆಮೇಲೆ ಬಿಟ್ಟ. ಎದ್ದಮೇಲೆ ಊಟ ಮಾಡ್ತಾನೆ ಅಂತ ಕೂತೇ ಇದ್ದೆ, ಪಕ್ಕದ ಅಂಗಡಿಯವರು ಬರೋತನಕ."

ತಾಯಿ ನಿಧಾನವಾಗಿ ಇತ್ತ ಹೊರಳಿದಳು. ಮಗ ನೆಲದ ಮೇಲೆ ಒಬ್ಬನೇ ಬಿದ್ದು ಜೀವ ಬಿಟ್ಟ ಎಂದು ಆ ಹೆಂಗಸು ಅಷ್ಟು ಕಾಲವೂ ಅಂದುಕೊಂಡಿದ್ದಳು.

"ಯಾವ ಕೈ?" ಎಂದಳು.

ಅಕ್ಕ ಬಲಗೈ ಮುಂದೆ ಮಾಡಿದಳು. ತಾಯಿ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಇಬ್ಬರೂ ಅತ್ತರು. ಅಳು ನಿಂತ ಮೇಲೆ ತಾಯಿ ಕಣ್ಣೊರೆಸಿಕೊಂಡು, "ಇದನ್ನ ಮಾತ್ರ ಅಂಗಡೀಲಿ ಯಾರಿಗೂ ಹೇಳಬೇಡ ಕಣೆ" ಎಂದಳು.