ಬೆಟ್ಟದ ಕಾವಿಗೆ ಒಪ್ಪಿಸಿದ ಮೊಟ್ಟೆಗಳು

2019ರ ಜೂನ್ 14, ಶುಕ್ರವಾರ, ಬೆಳಗಿನ ಐದೂಮುಕ್ಕಾಲು ಗಂಟೆ. ಸಾವೋ ದ್ವೀಪದ ಕರಿಮರಳಿನಿಂದ ಏಳುವ ಆವಿ ಸಮುದ್ರದ ಮಂಜಿಗೆ ಬೆರೆತು, ನೆಲ ಎಲ್ಲಿ ಮುಗಿಯಿತೆಂಬುದೇ ತಿಳಿಯುತ್ತಿಲ್ಲ. ಆ ಬಿಳುಪಿನೊಳಗಿಂದ ಹಕ್ಕಿಗಳು ಒಂದೊಂದಾಗಿ ಇಳಿದು ಮರಳು ಕೆದರುತ್ತಿವೆ. ಬೇಲಿಯಾಚೆ ಕುಕ್ಕರುಗಾಲಲ್ಲಿ ಕೂತ ನೆಸ್ತಾ ಉಸಿರನ್ನೂ ಮೆಲ್ಲಗೆ ಬಿಡುತ್ತಾರೆ. ಹಕ್ಕಿಗಳು ಹಾರಿಹೋಗುವವರೆಗೆ ಇಲ್ಲಿ ಯಾರೂ ಮಾತಾಡುವುದಿಲ್ಲ.

ಕಾಡುಕೋಳಿಯಷ್ಟಿರುವ ಈ ಹಕ್ಕಿ ಕಾವು ಕೂರುವುದಿಲ್ಲ. ಮೊಟ್ಟೆಯನ್ನು ಆಳಕ್ಕೆ ಹೂತು, ಮಿಕ್ಕದ್ದನ್ನು ಅಗ್ನಿಪರ್ವತದ ಬಿಸಿಗೆ ಬಿಟ್ಟು ಹೋಗುತ್ತದೆ. ಆ ಮೊಟ್ಟೆಯನ್ನು ತಿನ್ನಲು ಅಗೆದು ತೆಗೆಯುವುದು ನೆಸ್ತಾ ಅವರ ಕೆಲಸ. ಈ ನೆಲ ಅವರಿಗೆ ತಾಯಿಯಿಂದ ಬಂದದ್ದು. ಸಂಜೆ ಕಸ, ಬೇರು ಕಿತ್ತು ಹಸನು ಮಾಡಿದರಷ್ಟೇ ಹಕ್ಕಿ ಮರಳಿ ಬರುತ್ತದೆ. ಮೊದಲೆಲ್ಲ ಒಳ್ಳೆಯ ದಿನ ಹದಿನೈದು ಮೊಟ್ಟೆ. ಈಗೀಗ ನಾಲ್ಕು.

ಹಾಗಾಗಿಯೇ ಅರ್ಧ ನೆಲಕ್ಕೆ ಅವರು ಹಸಿ ತೆಂಗಿನ ಗರಿ ಕಟ್ಟಿದ್ದಾರೆ. ಗರಿ ಕಟ್ಟಿದ ಕಡೆ ಯಾರೂ ಕೈ ಹಾಕುವಂತಿಲ್ಲ. ಅಗೆದ ಮೊಟ್ಟೆಗಳಲ್ಲಿ ಕೆಲವನ್ನು ಮರಿಯಾಗಲೆಂದು ಅಲ್ಲೇ ಮತ್ತೆ ಹೂತಿದ್ದಾರೆ. ಕಳೆದ ವರ್ಷವೂ ಹೂತಿದ್ದರು, ಆದರೆ ಆವಿ ಏಳುವ ಬಿರುಕಿಗೆ ತೀರಾ ಹತ್ತಿರ, ಎಲ್ಲವೂ ಬೆಂದುಹೋದವು. ಈ ಸಲ ಬಿರುಕಿನಿಂದ ದೂರ ಹೂತಿದ್ದಾರೆ. ಭಾನುವಾರ ಕುಲದವರ ಸಭೆಯಿದೆ. ಅಷ್ಟರೊಳಗೆ ಒಂದು ಮರಿಯಾದರೂ ಏಳದಿದ್ದರೆ ಗರಿ ಬಿಚ್ಚಬೇಕು.

ಹಕ್ಕಿಗಳು ಹಾರಿದ ಮೇಲೆ ಚಿಕ್ಕಮ್ಮನ ಮಗ ಬಾರ್ನಬಸ್ ಪಕ್ಕದ ತನ್ನ ನೆಲಕ್ಕಿಳಿಯುತ್ತಾನೆ.

"ಅಕ್ಕಾ, ಹೋದ್ವರ್ಷ ನೀನು ಮೊಟ್ಟೇನ ಮರಳೊಳಗೇ ಬೇಯಿಸಿಟ್ಟಿದ್ದೆ. ಈ ಸಲ ಉಪ್ಪೂ ಹಾಕಿದ್ದೀಯಾ?"

"ಉಪ್ಪು ನಿನ್ನ ಬಾಯಲ್ಲೇ ಬೇಕಾದಷ್ಟಿದೆ. ಸುಮ್ನೆ ಮರಳು ಅಗೆ."

"ಅಗೀತೀನಿ. ಮಕ್ಕಳಿಗೆ ತಿನ್ನೋಕೆ ಬೇಕಲ್ಲ. ನೀನು ಹಕ್ಕಿ ಸಾಕು."

ನೆಸ್ತಾ ನಗುವುದಿಲ್ಲ. "ನಾನೂ ಮಕ್ಕಳಿಗೇ ಕಣೋ ಹೂತಿರೋದು," ಎನ್ನುತ್ತಾ ಭುಜದವರೆಗೂ ಕೈಯನ್ನು ಮರಳಿಗಿಳಿಸುತ್ತಾರೆ. "ಇದರ ಬಿಸಿ ಒಂದು ಕಡೆ ನಿಲ್ಲಲ್ಲ. ರಾತ್ರಿ ಮಗ್ಗುಲು ಬದಲಾಯಿಸುತ್ತೆ, ಮಲಗಿರೋ ಮಗೂ ಥರ."

ಬಿಸಿಲು ಮಂಜನ್ನು ಕರಗಿಸುವ ಹೊತ್ತಿಗೆ ಗರಿಯ ನೆರಳಿನಲ್ಲಿ ಮರಳು ಕುಸಿಯುತ್ತದೆ. ಸುಮ್ಮನಾಗುತ್ತದೆ. ಮತ್ತೆ ಕುಸಿಯುತ್ತದೆ. ಒಂದು ಕೊಕ್ಕು, ಮರಳು ಮೆತ್ತಿದ ತಲೆ, ಆಮೇಲೆ ರೆಕ್ಕೆ ಬಲಿತ ಇಡೀ ಮರಿ ಹೊರಬರುತ್ತದೆ. ತಾಯಿಗಾಗಿ ಅದು ಸುತ್ತ ನೋಡುವುದಿಲ್ಲ. ಮೈ ಕೊಡವಿ, ಬೂದುಬಣ್ಣದ ಕನಸೊಂದು ಓಡಿದಂತೆ ಕಾಡಿನತ್ತ ಓಡುತ್ತದೆ.

ಬಾರ್ನಬಸ್ ಸಲಿಕೆಯನ್ನು ಮರಳಿಗೆ ಊರಿ ಗರಿಯ ಹತ್ತಿರ ಬರುತ್ತಾನೆ. "ಅಕ್ಕಾ," ಎನ್ನುತ್ತಾನೆ ದನಿ ತಗ್ಗಿಸಿ, "ನನ್ನ ಕಡೇಗೂ ಒಂದು ಗರಿ ಕಟ್ಟು. ಸಭೇಲಿ ನಾನೇ ಹೇಳ್ತೀನಿ."

"ಕಟ್ಟೋಣ. ನನ್ನ ಮೊಮ್ಮಗಳು ಈ ಬೇಲಿ ಹತ್ರ ಬಂದು ಕೂತಾಗ ಹಕ್ಕಿ ಇಳೀಬೇಕು. ನಂಗೆ ಇನ್ನೇನೂ ಬೇಡ."

ಮರಿ ಎದ್ದ ಜಾಗದಲ್ಲಿ, ನೆಸ್ತಾ ಒಂದು ತೋಳಿನ ಆಳಕ್ಕೆ ಇಳಿಸಿದ ಉಷ್ಣಮಾಪಕ ತೋರಿಸಿದ್ದು ಮೂವತ್ತಮೂರೂವರೆ ಡಿಗ್ರಿ, ಮೊಟ್ಟೆ ಬೇಯದೆ ಮರಿಯಾಗುವಷ್ಟೇ ಬಿಸಿ.